ಬೆಣೆ

ಬಣ್ಣಾರಿ ಗೇಟಿನ ಮುಂದೆ ಹನ್ನೊಂದು ಸೈಕಲ್ಲು,
ಹನ್ನೊಂದು ಕೆಂಪು ಮಿಣುಕುದೀಪ.
ಆರಕ್ಕೆ ಸರಿಯಾಗಿ ತೆಗೆಯುತ್ತಾರಂತೆ.
ಕಾವಲುಗಾರ ಸ್ವೆಟರಿನೊಳಗೆ ಕೈ ತೂರಿಸಿ ನಿಂತು
ಸಂತೆಗೆ ಬಂದ ದನ ನೋಡುವ ಹಾಗೆ ನಮ್ಮನ್ನು ನೋಡುತ್ತಾನೆ.
ನಿನ್ನೆ ಇದೇ ಆರಕ್ಕೆ ಹಾಸನೂರು ಬಿಟ್ಟವರು.
ಘಟ್ಟ ಇಳಿದು, ಭವಾನಿ ದಾಟಿ, ಈರೋಡಿನ ಬಿಸಿಲು ತಿಂದು,
ರಾತ್ರಿ ಅರಿಸಿನದ ಮಂಡಿಗಳ ವಾಸನೆಯಲ್ಲಿ ತುಳಿದು ತುಳಿದು
ಮುನ್ನೂರ ಎಪ್ಪತ್ತೆಂಟು ಕಿಲೋಮೀಟರು.
ಉಳಿದದ್ದು ಇಪ್ಪತ್ತೆರಡು. ಅದರಲ್ಲಿ ದಿಂಬಂ.
ಗಡುವು ಇಪ್ಪತ್ತೇಳು ತಾಸು. ತಿರುವೂ ಇಪ್ಪತ್ತೇಳು.

ತಮಿಳು ಬೋರ್ಡಿನಲ್ಲಿ ಅದು ಕೊಂಡೈ ಊಸಿ, ಮುಡಿಗೆ ಸಿಕ್ಕಿಸುವ ಪಿನ್ನು.
ಜಡೇಸಾಮಣ್ಣನಿಗೆ ಬೋರ್ಡು ಓದಲು ಬರುತ್ತಿರಲಿಲ್ಲ,
ತಮಿಳೂ, ಕನ್ನಡವೂ, ಅಂಕಿಯೂ.
ತಾಳವಾಡಿಯ ಕೋಸು ಮೇಟುಪಾಳ್ಯದಲ್ಲಿ ಇಳಿಸಿ
ಖಾಲಿ ಬರಬಾರದೆಂದು ಉಪ್ಪೋ ಸಿಮೆಂಟೋ ಹೇರಿಕೊಂಡು
ಹತ್ತುವಾಗ ಅವನು ಎಣಿಸುತ್ತಿದ್ದದ್ದು ಮಳೆಯ ಲೆಕ್ಕದಲ್ಲಿ:
ಅಶ್ವಿನಿ, ಭರಣಿ, ಕೃತ್ತಿಕೆ.
ರೋಹಿಣಿಯಲ್ಲಿ ಎಂಜಿನ್ನು ಕೆಮ್ಮುವುದು.
ಆರಿದ್ರೆಯಲ್ಲಿ ರೇಡಿಯೇಟರಿಗೆ ನೀರು.
"ಮಘೆ ಬಂತು ಕನ್ಲಾ, ಇಳಿ," ಎಂದರೆ
ನಾನು, ಹದಿನಾಲ್ಕರ ಕ್ಲೀನರು,
ಹುಣಸೆಮರದ ಬೆಣೆ ಹೊತ್ತು ಜಿಗಿದು
ಹಿಂದಿನ ಚಕ್ರದ ಪಕ್ಕ ಓಡಬೇಕು,
ಲಾರಿ ಉಸಿರು ಬಿಟ್ಟ ಕ್ಷಣ ಟೈರಿನಡಿ ತಳ್ಳಬೇಕು.

ಆಗ ಈ ರಸ್ತೆ ಹತ್ತಲು ನನಗೆ ದಿನಕ್ಕೆ ಹದಿನೈದು ರೂಪಾಯಿ ಕೊಡುತ್ತಿದ್ದರು.
ಈಗ ನೀರುಗಂಟಿಯ ಸಂಬಳದಲ್ಲಿ ನಾನೇ
ಸಾವಿರದಿನ್ನೂರು ಕಟ್ಟಿ ಹತ್ತುತ್ತಿದ್ದೇನೆ.
ಹೆಂಡತಿ ಇದನ್ನು ಬೀದಿಗೆಲ್ಲ ಹೇಳಿ ನಗುತ್ತಾಳೆ.
ನಾನೂ ನಗುತ್ತೇನೆ.

ಗೇಟು ಏಳುತ್ತದೆ.
ಸಣ್ಣ ಗೇರು. ಇನ್ನೂ ಸಣ್ಣದು. ಅದಕ್ಕಿಂತ ಸಣ್ಣದು ಇಲ್ಲ.
ಪುನರ್ವಸುವಿನಲ್ಲಿ ಕೋತಿಗಳು ತಡೆಗೋಡೆಯ ಮೇಲೆ ಸಾಲಾಗಿ ಕೂತು
ಹೇನು ಹೆಕ್ಕುತ್ತಿವೆ, ನಮಗೆ ದಾರಿಯನ್ನೂ ಬಿಡದೆ.
ಕಬ್ಬಿನ ಲಾರಿಯೊಂದು ಇಳಿದು ಬರುತ್ತದೆ,
ಪವರ್ ಬ್ರೇಕಿನ ಸುಯ್ಲು, ಪಕ್ಕದ ಸೀಟಿನಲ್ಲಿ ಯಾರೂ ಇಲ್ಲ.
ಚಿತ್ತೆಯಲ್ಲಿ ಮಂಜು. ಸ್ವಾತಿಯಲ್ಲಿ ತೊಡೆ ಕಲ್ಲು.

ಹತ್ತೊಂಬತ್ತು. ಮೂಲ.
ಎಡಗೈಯ ಕೊನೆಯ ಎರಡು ಬೆರಳು ಇಲ್ಲೇ ಬಿಟ್ಟುಹೋದೆ.
ಬೆಣೆ ಸರಿಯಾಗೇ ಕೂತಿತ್ತು,
ಕೈ ತೆಗೆಯುವುದು ತಡವಾಯಿತು, ಅಷ್ಟೆ.
ಜಡೇಸಾಮಣ್ಣ ತಲೆಯ ವಸ್ತ್ರ ಬಿಚ್ಚಿ ಸುತ್ತಿದ,
ಸತ್ಯಮಂಗಲದ ಆಸ್ಪತ್ರೆವರೆಗೂ ಒಂದು ಮಾತಾಡಲಿಲ್ಲ.
ಗಾಯ ಮಾಗಿ ನಾನು ಮತ್ತೆ ಲಾರಿ ಹತ್ತಿದ ಮೇಲೆ
ಅವನು ಜ್ಯೇಷ್ಠೆಯವರೆಗೆ ಎಣಿಸಿ ಸುಮ್ಮನಾಗುತ್ತಿದ್ದ,
ಪೂರ್ವಾಷಾಢಕ್ಕೆ ಮತ್ತೆ ಬಾಯಿ ತೆರೆಯುತ್ತಿದ್ದ.

ಇವತ್ತು ಅಲ್ಲಿ ಅರುಳ್‌ಮೊಳಿ ನಿಂತಿದ್ದಾಳೆ.
ಕೊಯಮತ್ತೂರಿನವಳು, ಹಲ್ಲಿನ ಡಾಕ್ಟರು,
ರಾತ್ರಿಯೆಲ್ಲ ನನ್ನ ಮುಂದೆ ಮಿಣುಕಿದ ದೀಪ.
ಒಂದು ಕಾಲು ನೆಲಕ್ಕೆ, ಇನ್ನೊಂದು ಪೆಡಲಿಗೆ ಸಿಕ್ಕಿಕೊಂಡೇ ಇದೆ,
ಬ್ರೇಕು ಹಿಡಿಯಲು ಬೆರಳಲ್ಲಿ ತ್ರಾಣವಿಲ್ಲ,
ಸೈಕಲ್ಲು ಗೇಣುಗೇಣು ಹಿಂದೆ ಜಾರುತ್ತಿದೆ.
ಇಳಿದೆನೋ ಜಿಗಿದೆನೋ,
ನನ್ನ ಬೂಟು ಅವಳ ಹಿಂದಿನ ಚಕ್ರದಡಿ ಇತ್ತು.

ಹಿಡಿಯಬೇಡಿ ಅಣ್ಣಾ, ನಿಯಮದಲ್ಲಿ ಇಲ್ಲ, ಎಂದಳು ತಮಿಳಿನಲ್ಲಿ.
"ಹಿಡಿದಿಲ್ಲಮ್ಮ. ಬೆಣೆ ಇಟ್ಟಿದೀನಿ."
ನಕ್ಕಳೋ ಅತ್ತಳೋ, ಆ ಏರಿನಲ್ಲಿ ಎರಡಕ್ಕೂ ಅದೇ ಉಸಿರು.
"ಇನ್ನುಂ ಎತ್ತನೈ?"
"ಇದು ಮೂಲ," ಎಂದುಬಿಟ್ಟೆ.
ಅವಳು ಒಂದು ಗಳಿಗೆ ನನ್ನನ್ನೇ ನೋಡಿ
"ಅಡುತ್ತದು ಪೂರಾಡಂ," ಎಂದಳು.
ಅಜ್ಜಿ ಕಲಿಸಿದ್ದಂತೆ.

ಹೊರಟೆವು.
ನಾನು ಪೂರ್ವಾಷಾಢ ಎಂದರೆ ಅವಳು ಪೂರಾಡಂ,
ಉತ್ತರಾಷಾಢಕ್ಕೆ ಉತ್ತರಾಡಂ,
ಶ್ರವಣಕ್ಕೆ ತಿರುವೋಣಂ (ಅದರಲ್ಲೇ ಒಂದು ತಿರುವಿದೆ, ಎಂದೆ; ನಗಲಿಲ್ಲ),
ಧನಿಷ್ಠ, ಅವಿಟ್ಟಂ,
ಶತಭಿಷ, ಸದಯಂ,
ಮುಂದಿನ ಎರಡು ಭಾದ್ರಗಳಿಗೆ ಇಬ್ಬರಿಗೂ ಬಾಯಿ ಏಳಲಿಲ್ಲ.
ಕೊನೆಯ ಪಿನ್ನಿನಲ್ಲಿ ಮೊಳಕೈ ಊರಿ, ತಲೆ ತಗ್ಗಿಸಿ,
ರೇವತಿ, ಎಂದೆವು.
ಎರಡು ಭಾಷೆಯಲ್ಲೂ ಅದೇ.

ದಿಂಬಂನ ಚಹದಂಗಡಿ, ಏಳು ಐವತ್ತು.
ಕಾರ್ಡಿಗೆ ಮುದ್ರೆ ಬೀಳುವುದು ಹಾಸನೂರಿನಲ್ಲಿ,
ಇನ್ನೂ ಒಂಬತ್ತು ಕಿಲೋಮೀಟರು.
ಮೂರು ಬೆರಳಲ್ಲಿ ಲೋಟ ಹಿಡಿದ ನನ್ನ ಎಡಗೈಯನ್ನು
ಅವಳು ನೋಡಿದಳು, ಏನೂ ಕೇಳಲಿಲ್ಲ.
ಅಂಗಡಿಯವನ ಕಡೆ ತಿರುಗಿ
ತನ್ನ ಲೋಟಕ್ಕೆ ಇನ್ನೆರಡು ಚಮಚ ಸಕ್ಕರೆ ಹಾಕಿಸಿಕೊಂಡಳು,
ಹಲ್ಲಿನ ಡಾಕ್ಟರು.